ಉಪ್ಪುಗಾಳಿಯಲ್ಲಿ ಕಂಬಾರನ ಮಗ

ಗೋವಾದಲ್ಲಿ ಕಬ್ಬಿಣ ಕೊಳೆಯುತ್ತದೆ.

ಹೀಗೆಂದರೆ ನಮ್ಮ ತೊರಗಲ್ಲಿನ ಮಂದಿ ನಕ್ಕಾರು. ಬದನೆಕಾಯಿ ಕೊಳೆಯುತ್ತದೆ, ಉಳ್ಳಾಗಡ್ಡಿ ಕೊಳೆಯುತ್ತದೆ, ಕಬ್ಬಿಣ ಕೊಳೆಯುವುದೆಂದರೇನು? ಆದರೆ ನಾನು ಕಣ್ಣಾರೆ ಕಂಡಿದ್ದೇನೆ. ವಾಸ್ಕೊ ಪಟ್ಟಣಕ್ಕೆ ಬಂದು ಇನ್ನೂ ವಾರ ತುಂಬಿರಲಿಲ್ಲ, ಮಳೆಗಾಲ. ಒಲೆ ಹೂಡಲು ಅನುಕೂಲವಾಗದೆ, ಅಪ್ಪ ಬಡಿದು ಕೊಟ್ಟಿದ್ದ ರೊಟ್ಟಿಯ ಹಂಚನ್ನು ಹೆಂಡತಿ ರೇಣುಕಾ ಗೋಡೆಗೆ ಒರಗಿಸಿಟ್ಟಿದ್ದಳು. ಅದನ್ನು ಎತ್ತಿಕೊಂಡ ದಿನ ಅವಳ ಅಂಗೈ ತುಂಬ ಕೆಂಪು ಪುಡಿ. ಬೆರಳಿಂದ ಕೆರೆದರೆ ಪದರು ಪದರಾಗಿ ಉದುರುತ್ತಿತ್ತು. ನಮ್ಮ ಕಡೆ ಮುರಿದ ಕುಂಟೆಯ ಕುಡ ಹಿತ್ತಲಲ್ಲಿ ಎರಡು ಮಳೆಗಾಲ ಬಿದ್ದಿದ್ದರೂ ತಿಕ್ಕಿದರೆ ಹೊಳೆಯುತ್ತದೆ. ಇಲ್ಲಿಯ ಗಾಳಿಯಲ್ಲಿ ಉಪ್ಪಿದೆ. ಅದು ಕಬ್ಬಿಣವನ್ನು ಮಲಗಿದಲ್ಲೇ ತಿನ್ನುತ್ತದೆ.

"ಏನ್ರಿ, ಹಂಚಿನ ಗತಿ ಹಿಂಗಾದ್ರ ನಮ್ಮ ಗತಿ ಏನ್ರಿ?" ಎಂದಳು ರೇಣುಕಾ. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ನಾನು ಮೌನೇಶ, ಕಂಬಾರರ ಮನೆಯವನು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಲು ಕುಳಿತವನು. ಕಬ್ಬಿಣ ಕಾದ ಬಣ್ಣ ನೋಡಿ ಅದು ಬಾಗುವುದೋ ಬಿರಿಯುವುದೋ ಹೇಳಬಲ್ಲೆ. ಅದರ ಬಗ್ಗೆ ನನಗೆ ಸೊಕ್ಕೂ ಇತ್ತು, ಈಗಲೂ ಇದೆ. ಟ್ರ್ಯಾಕ್ಟರಿನ ಸಾಮಾನೆಲ್ಲ ಕಂಪನಿಯಿಂದ ಸಿದ್ಧವಾಗಿ ಬರತೊಡಗಿದ ಮೇಲೆ ಕುಲುಮೆ ಒಬ್ಬರಿಗೇ ಸಾಕಾಯಿತು. ನಾನು ಬೈಲಹೊಂಗಲಕ್ಕೆ ಹೋಗಿ ಗೇಟು, ಕಿಟಕಿಯ ಸರಳು ಬೆಸೆಯುವ ಅಂಗಡಿ ಸೇರಿದೆ. ಅಲ್ಲಿಗೆ ಬರುತ್ತಿದ್ದ ಯರಗಟ್ಟಿಯ ದಸ್ತಗೀರಣ್ಣ ಗೋವಾದ ಹಡಗು ದುರಸ್ತಿಯ ಯಾರ್ಡಿನಲ್ಲಿ ಕ್ರೇನ್ ಓಡಿಸುವವನು. "ಕಿಡಕಿ ಎಷ್ಟಂತ ಬೆಸೀತಿ ಮೌನೇಶಾ? ಬಾ, ಹಡಗ ಬೆಸಿಯುವಂತಿ" ಎಂದ. ಬಂದೆ.

ಬಂದವನಿಗೆ ಬೆಸೆಯಲು ಯಾರೂ ಕೊಡಲಿಲ್ಲ. ನೀರಿನಿಂದ ಮೇಲೆಳೆದು ನಿಲ್ಲಿಸಿದ ಹಡಗು ನಮ್ಮ ತೊರಗಲ್ ಕೋಟೆಯ ಗೋಡೆಗಿಂತ ಎತ್ತರ. ಅದರ ಹೊಟ್ಟೆಗೆ ಹಗ್ಗ ಕಟ್ಟಿದ ಹಲಗೆಯ ಮೇಲೆ ನಿಂತು ತುಕ್ಕು ಕೆರೆಯುವುದೇ ನನ್ನ ಕೆಲಸ. ಮೇಲ್ವಿಚಾರಕ ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಓದಿದ್ದೀ? ಏಳನೇ ಎಂದೆ. ಹೆಲ್ಪರ್ ಎಂದು ಬರೆದುಕೊಂಡ.

ಊರಲ್ಲಿ ನನ್ನನ್ನು ಕಂಬಾರ ಮೌನೇಶ ಎನ್ನುತ್ತಿದ್ದರು. ಇಲ್ಲಿ ಘಾಂಟಿ ಎಂದರು. ಘಟ್ಟದ ಮೇಲಿನಿಂದ ಇಳಿದು ಬಂದವರಿಗೆಲ್ಲ ಇಲ್ಲಿಯವರು ಹೇಳುವ ಹೆಸರು ಅದು. ಬಾಯಲ್ಲಿ ಸಣ್ಣ ಶಬ್ದ, ಕಿವಿಗೆ ಬಿದ್ದಾಗ ದೊಡ್ಡದು. ಕೊಂಕಣಿ ಅರ್ಧ ಮರಾಠಿಯ ಹಾಗೆ ಕೇಳುತ್ತದೆ, ಅರ್ಥವಾಯಿತು ಎನ್ನುವಷ್ಟರಲ್ಲಿ ಜಾರಿಕೊಳ್ಳುತ್ತದೆ. ಊಟಕ್ಕೆ ಶಿತ್-ಕಡಿ, ಅಂದರೆ ಅನ್ನ ಮತ್ತು ಮೀನಿನ ಸಾರು. ಮೀನು ಬೇಡವೆಂದರೆ ಬಡಿಸುವವನು ನನ್ನನ್ನು ಕಾಯಿಲೆಯವನಂತೆ ನೋಡುತ್ತಿದ್ದ. ಅನ್ನ ಉಂಡು ಹಲಗೆ ಹತ್ತಿದರೆ ಒಂದು ತಾಸಿಗೆ ಹೊಟ್ಟೆ ಬರಿದು. ನಮ್ಮ ಕಡೆ ಎರಡು ರೊಟ್ಟಿ, ಒಂದು ಹಿಡಿ ಶೇಂಗಾ ಚಟ್ನಿ ತಿಂದರೆ ಇಳಿಹೊತ್ತಿನ ತನಕ ಸುತ್ತಿಗೆ ಎತ್ತಬಹುದಿತ್ತು. ಅದಕ್ಕೇ ರೇಣುಕಾ ಹಂಚನ್ನು ತಿಕ್ಕಿ, ಎಣ್ಣೆ ಸವರಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ನಾವಿದ್ದದ್ದು ಗುಡ್ಡದ ಇಳಿಜಾರಿನ ಒಂದು ಖೋಲಿ. ಮನೆಯ ಒಡತಿ ಫಿಲೋಮಿನಾ ಬಾಯಿ ಪಕ್ಕದಲ್ಲೇ ಇದ್ದರು. ರೊಟ್ಟಿ ಶುರುವಾದ ನಾಲ್ಕನೆಯ ದಿನವೋ ಏನೋ, ಬೆಳಗ್ಗೆ ಬಾಗಿಲು ದಬದಬ ಬಡಿದರು. ತೆಗೆದರೆ ಕೈಯಲ್ಲಿ ಕಸಬರಿಗೆ. ನನ್ನನ್ನು ಸರಿಸಿ ನೇರ ರೇಣುಕಾಳ ಹತ್ತಿರ ಹೋಗಿ ಅವಳ ಮುಖ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೊಂಕಣಿ, ಹಿಂದಿ ಎರಡನ್ನೂ ಕಲಸಿ ಬೈದರು. ದಿನಾ ಬೆಳಗಾದರೆ ಹೆಂಡತಿಯನ್ನು ಹೀಗೆ ಹೊಡೆಯುತ್ತೀಯಲ್ಲ, ಪೊಲೀಸರನ್ನು ಕರೆಯಲೇ ಎಂದು.

ರೇಣುಕಾಳಿಗೆ ಮೊದಲು ಗಾಬರಿ, ಆಮೇಲೆ ನಗು. ಹಿಟ್ಟಿನ ಮುದ್ದೆ ತೆಗೆದು ಫಿಲೋಮಿನಾ ಬಾಯಿಯ ಎದುರೇ ತಟ್ಟಿ ತೋರಿಸಿದಳು. ತಪ್, ತಪ್, ತಪ್. ಅವರು ಕಸಬರಿಗೆ ಕೆಳಗಿಟ್ಟು ಬಿಸಿ ರೊಟ್ಟಿ ಮುರಿದು ತಿಂದರು. "ಬರೆಂ" ಎಂದರು. ಚೆನ್ನಾಗಿದೆ ಎಂದರ್ಥ. ನನ್ನ ಕಡೆ ನೋಡಿದಾಗ ಮಾತ್ರ ಅನುಮಾನ ಇನ್ನೂ ಪೂರ್ತಿ ಹೋದಂತೆ ಕಾಣಲಿಲ್ಲ. ಆ ದಿನದಿಂದ ಅವರಿಗೆ ವಾರಕ್ಕೆರಡು ಸಲ ರೊಟ್ಟಿ. ಅವರ ಬಾಯಿಂದಲೇ ಸುದ್ದಿ ಹಬ್ಬಿ, ಗುಡ್ಡದ ಸುತ್ತ ಇದ್ದ ನಮ್ಮ ಕಡೆಯ ಡ್ರೈವರುಗಳು, ಗೌಂಡಿಗಳು ರೇಣುಕಾಳ ಹತ್ತಿರ ರೊಟ್ಟಿ ಕೊಳ್ಳಲು ಬಂದರು.

ಯಾರ್ಡಿನಲ್ಲಿ ಒಂದು ಗುಂಪಿತ್ತು. ಕೇರಳದವರು, ಒಡಿಶಾದವರು. ತೊಗಲಿನ ಅಂಗಿ ತೊಟ್ಟು ಬರುವರು, ಪೈಪುಗಳನ್ನು ಮಾತ್ರ ಬೆಸೆಯುವರು. ಪೈಪು ಓರೆಯಾಗಿ ಬಿಗಿದಿರುತ್ತದೆ, ಅದನ್ನು ಅಲುಗಿಸುವಂತಿಲ್ಲ. ಬೆಸೆಯುವವನೇ ಅದರ ಸುತ್ತ ಹೊರಳಬೇಕು. ಮೇಲಿಂದ, ಮಗ್ಗುಲಿಂದ, ಕೆಳಗೆ ಮಲಗಿ ಮುಖದ ಮೇಲೆ ಕಿಡಿ ಬೀಳಿಸಿಕೊಂಡು. ಅದಕ್ಕೆ ಒಂದು ಪರೀಕ್ಷೆಯಿದೆ. ಪಾಸಾದವನನ್ನು ಯಾವ ಯಾರ್ಡಿನವರೂ ಎಷ್ಟು ಓದಿದ್ದೀ ಎಂದು ಕೇಳುವುದಿಲ್ಲ. ಒಮ್ಮೆ ನಾನು ಅವರಲ್ಲೊಬ್ಬನ ಬೆಸುಗೆಯ ಗೆರೆಯನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದೆ. ಮೇಲ್ವಿಚಾರಕ ಕೈ ಸರಿಸಿದ. ಅಂದೇ ನಿರ್ಧಾರ ಮಾಡಿದೆ.

ತರಬೇತಿ ಕೇಂದ್ರ ಕಾರ್ಖಾನೆಗಳಿದ್ದ ಬಯಲಿನಲ್ಲಿತ್ತು. ಫೀ ಕೇಳಿ ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಸುಮ್ಮನೆ ಕುಳಿತೆ. ನಮ್ಮ ಕಡೆ ಒಂದು ಜೋಡಿ ಎತ್ತು ಬರುವಷ್ಟು. ದಸ್ತಗೀರಣ್ಣ ಕೊಡುತ್ತೇನೆಂದ, ಬೇಡವೆಂದೆ. ಯಾರ್ಡಿನ ಕೆಲಸ ಮುಗಿಸಿ ಸಂಜೆ ಒಂದು ಗ್ರಿಲ್ ಅಂಗಡಿಗೆ ಹೋಗತೊಡಗಿದೆ. ಚಹಾ ಬಿಟ್ಟೆ, ತಂಬಾಕು ಬಿಟ್ಟೆ. ಚಪ್ಪಲಿಯ ಅಟ್ಟೆ ಕಿತ್ತರೆ ತಂತಿ ಹಾಕಿಕೊಂಡೆ. ರವಿವಾರ ಎಲ್ಲರೂ ಸಮುದ್ರ ನೋಡಲು ಹೋದರೆ ನಾನು ಯಾರದೋ ಗೇಟು ರಿಪೇರಿ. ಗೋವಾಕ್ಕೆ ಬಂದು ವರ್ಷವಾದರೂ ಮರಳಿಗೆ ಕಾಲಿಟ್ಟಿರಲಿಲ್ಲವೆಂದರೆ ಊರವರು ನಂಬುವುದಿಲ್ಲ. ಅವರ ಪ್ರಕಾರ ನಾನು ದಿನಾ ಅಲ್ಲೇ ಕಾಲು ಚಾಚಿ ಕೂತಿರುವವನು.

ರೇಣುಕಾ ತನ್ನ ರೊಟ್ಟಿಯ ರೊಕ್ಕ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

"ಇದು ನನ್ನ ಕೆಲಸ. ನನ್ನ ದುಡಿಮಿಲೇ ಕಲೀತೇನಿ."

"ದಿನಾ ಬೆಳಿಗ್ಗೆ ನನ್ನ ರೊಟ್ಟಿ ತಿಂದು ಹೋಗ್ತೀರಲ್ರಿ, ಆಗ ನಿಮ್ಮ ಮಾನ ಎಲ್ಲಿರ್ತೈತಿ? ಡಬ್ಬಿ ಒಳಗ ಕಟಗೊಂಡ ಹೋಗಿರ್ತೀರೇನು?"

ಆದರೂ ತೆಗೆದುಕೊಳ್ಳಲಿಲ್ಲ. ನನ್ನ ಸ್ವಭಾವವೇ ಹಾಗೆ.

ಎರಡನೆಯ ಬೇಸಿಗೆಗೆ ಫೀ ತುಂಬಿದೆ. ಬೆಳಗ್ಗೆ ತರಬೇತಿ, ಮಧ್ಯಾಹ್ನದಿಂದ ಯಾರ್ಡಿನ ಎರಡನೆಯ ಪಾಳಿ. ಕಲಿಸುವವರು ಜೋಸೆಫ್ ಸರ್, ಕೇರಳದವರು, ಕಮ್ಮಿ ಮಾತಿನವರು. ಮೊದಲ ವಾರ ಅವರು ನನಗೆ ಬೆಸೆಯಲೇ ಬಿಡಲಿಲ್ಲ. ಪೈಪಿನ ಅಂಚನ್ನು ಉಜ್ಜಿ, ಒರೆಸಿ, ಬಿಳಿ ಬಟ್ಟೆಯಿಂದ ಮತ್ತೆ ಒರೆಸು ಎಂದರು. ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ. ತುಕ್ಕು, ಬಣ್ಣ, ಎಣ್ಣೆ, ಬೆವರು ಯಾವುದೂ ಇರಕೂಡದು. ಅಪ್ಪನ ಕುಲುಮೆಯಲ್ಲಿ ಕಬ್ಬಿಣ ಸೆಗಣಿಯಲ್ಲಿ ಬಿದ್ದಿದ್ದರೂ ಎತ್ತಿ ಬೆಂಕಿಗೆ ಹಾಕಿದರೆ ಮುಗಿಯಿತು, ಬೆಂಕಿ ಎಲ್ಲವನ್ನೂ ತೊಳೆಯುತ್ತಿತ್ತು. ಇಲ್ಲಿ ಬೆಂಕಿಗಿಂತ ಮೊದಲೇ ತೊಳೆಯಬೇಕು. ಕಲಿತೆ. ಕೈ ಕುದುರಿತು. ಅಭ್ಯಾಸದ ಬೆಸುಗೆಗಳನ್ನು ಸರ್ ಕತ್ತರಿಸಿ, ಬಾಗಿಸಿ ನೋಡಿ ತಲೆಯಾಡಿಸುತ್ತಿದ್ದರು. ತಲೆಯಾಡಿಸಿದರೆ ಅದೇ ಶಹಬ್ಬಾಸು.

ಮಳೆ ಮುಗಿಯುತ್ತಲೇ ಯಾರ್ಡಿಗೆ ಒಂದು ದೊಡ್ಡ ಹಡಗು ಬರುವುದಿತ್ತು, ವರ್ಷಗಟ್ಟಲೆಯ ಪೈಪಿನ ಕೆಲಸ. ಅಷ್ಟರೊಳಗೆ ಪಾಸಾದವರಿಗೆ ಆ ಗುಂಪಿನಲ್ಲಿ ಜಾಗ. ಆಗದವರು ತುಕ್ಕು ಕೆರೆಯಬೇಕು, ಅದೂ ಗುತ್ತಿಗೆದಾರ ಇಟ್ಟುಕೊಂಡರೆ.

ಪರೀಕ್ಷೆಯ ದಿನ ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಡಬ್ಬಿಯಿತ್ತು. ಅದರಲ್ಲಿ ಭಂಡಾರ, ಸವದತ್ತಿ ಎಲ್ಲಮ್ಮನ ಗುಡ್ಡದಿಂದ ಅವ್ವ ತಂದು ಕಳಿಸಿದ ಅರಿಶಿನ ಪುಡಿ. ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ದಿನನಿತ್ಯದ ಕೆಲಸಕ್ಕಲ್ಲ, ದೊಡ್ಡ ಕೆಲಸ ಹಿಡಿದಾಗ ಮೊದಲ ಏಟಿಗೆ ಮುಂಚೆ ಭಂಡಾರವನ್ನು ಒಂದು ಹನಿ ಕುಸುಬಿ ಎಣ್ಣೆಯಲ್ಲಿ ಕಲಸಿ ಹೆಬ್ಬೆರಳಿಂದ ಕಬ್ಬಿಣಕ್ಕೆ ಹಚ್ಚಬೇಕು. ಅಪ್ಪ ಮಾಡಿದ್ದು, ಅವನ ಅಪ್ಪ ಮಾಡಿದ್ದು. ಅಂಥ ಕೆಲಸದಲ್ಲಿ ಹಚ್ಚದೆ ಕಬ್ಬಿಣಕ್ಕೆ ಏಟು ಹಾಕಿದ್ದನ್ನು ನಾನು ಕಂಡಿಲ್ಲ. ರೇಣುಕಾ ಬೆಳಗ್ಗೆಯೇ ಕಲಸಿ ಕೊಟ್ಟಿದ್ದಳು. ಪೈಪನ್ನು ಒರೆಸಿದೆ, ಬಟ್ಟೆ ಬಿಳಿಯಾಗಿ ಉಳಿಯಿತು. ಸರ್ ಆ ಕಡೆ ತಿರುಗಿದ್ದಾಗ ಎರಡು ಪೈಪು ಕೂಡುವ ಸಂದಿಯಲ್ಲಿ, ಕೆಳಭಾಗದಲ್ಲಿ, ಹೆಬ್ಬೆರಳು ಒತ್ತಿ ಕಣ್ಣು ಮುಚ್ಚಿ ತೆರೆದೆ. ಬೆಸೆದೆ.

ನೋಡಲು ಬೆಸುಗೆ ಅಚ್ಚುಕಟ್ಟಾಗಿತ್ತು. ಆದರೆ ಈ ಪರೀಕ್ಷೆಯಲ್ಲಿ ಕಣ್ಣನ್ನು ನಂಬುವುದಿಲ್ಲ, ಎಕ್ಸ್‌ರೇ ತೆಗೆಯುತ್ತಾರೆ. ಮನುಷ್ಯರಿಗೆ ತೆಗೆದಂತೆಯೇ. ಎರಡು ದಿನ ಬಿಟ್ಟು ಸರ್ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಗೆರೆಯ ಕೆಳಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಒಳಗೆ ಗಾಳಿಯ ಗುಳ್ಳೆಗಳಿದ್ದವು. ಫೇಲು.

ಅಭ್ಯಾಸದಲ್ಲಿ ಒಂದೂ ಗುಳ್ಳೆ ಬಿಡದವನು ಪರೀಕ್ಷೆಯಲ್ಲಿ ಇಷ್ಟೇಕೆ ಬಿಟ್ಟೆ ಎಂದು ಸರ್ ಕೇಳಿದರು. ಬೆಸುಗೆಯ ರಾಡ್ ಒಣಗಿತ್ತೇ, ಗಾಳಿ ಬೀಸಿತೇ, ಒರೆಸಿದ್ದೆಯಾ? ಎಲ್ಲಕ್ಕೂ ಸರಿಯಿತ್ತು ಎಂದೆ. ಮನಸ್ಸಿನಲ್ಲಿ ಅವರ ಎಕ್ಸ್‌ರೇ ಯಂತ್ರವನ್ನೇ ಬೈದೆ. ಎಣ್ಣೆ ಇರಕೂಡದೆಂದು ಮೊದಲ ವಾರವೇ ಕಲಿತಿದ್ದೆಯಲ್ಲ ಎಂದು ನೀವು ಕೇಳಬಹುದು. ಎಣ್ಣೆ ಎಂದರೆ ಎಣ್ಣೆ. ಭಂಡಾರ ಎಂದರೆ ಎಣ್ಣೆಯೇ? ಅವೆರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಗೂಡಿನಲ್ಲಿದ್ದವು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವುದು ಹೊಳೆಯಲೇ ಇಲ್ಲ. ಮನೆಯಲ್ಲಿ ರೇಣುಕಾಳಿಗೂ ಹೊಳೆಯಲಿಲ್ಲ.

"ಭಂಡಾರ ಹಚ್ಚಿದ್ರಿಲ್ಲೋ?"

"ಹಚ್ಚೇನಿ."

"ಮತ್ತ ಹೆಂಗ ಹಿಂಗಾತು?"

ಮರುದಿನ ತರಬೇತಿಗೆ ಹೋಗಿ, ಇನ್ನೊಂದು ಪೈಪು ಕೊಡಿ, ಈಗಲೇ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ಸಿಟ್ಟಿನಲ್ಲಿದ್ದೆ. ಸರ್ ಕೊಟ್ಟರು, ಎದುರಿಗೇ ನಿಂತರು. ನಾನು ಮತ್ತೆ ಡಬ್ಬಿ ತೆಗೆದೆ. ಅವರು ನನ್ನ ಮುಂಗೈ ಹಿಡಿದರು.

"ಇದೇನು?" ಹಿಂದಿಯಲ್ಲಿ ಕೇಳಿದರು.

"ದೇವರದು."

ಅವರು ನಗಲಿಲ್ಲ, ಬೈಯಲೂ ಇಲ್ಲ. ಡಬ್ಬಿಯಲ್ಲಿ ಬೆರಳಿಟ್ಟು ತಿಕ್ಕಿ ಮೂಸಿ ನೋಡಿದರು. "ಎಣ್ಣೆ" ಎಂದರು. ಆಮೇಲೆ ಒಂದು ಕೆಲಸ ಹೇಳಿದರು. ಎರಡು ಪೈಪು ಬೆಸೆ, ಒಂದಕ್ಕೆ ಹಚ್ಚು, ಒಂದಕ್ಕೆ ಬೇಡ. ದೇವರಿಗೇ ಪರೀಕ್ಷೆಯೇ ಎಂದು ನನ್ನ ಮೈ ಉರಿಯಿತು. ಆದರೆ ಸರ್ ಬೆಸೆಯುವ ಮುಂಚೆ ಯಾವಾಗಲೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದುದನ್ನು ಕಂಡಿದ್ದೆ, ಅಣಕಿಸುವ ಮನುಷ್ಯನಲ್ಲ. ಎರಡನ್ನೂ ಬೆಸೆದೆ. ಎರಡನ್ನೂ ಕತ್ತರಿಸಿ ಒತ್ತುಯಂತ್ರಕ್ಕೆ ಕೊಟ್ಟರು. ಹಚ್ಚದ್ದು ಹಸಿ ಬೆತ್ತದಂತೆ ಬಾಗಿತು. ಹಚ್ಚಿದ್ದು ಬಾಯಿ ಬಿಟ್ಟಿತು, ಒಳಗೆ ಗೆದ್ದಲು ತಿಂದ ಕಟ್ಟಿಗೆಯಂತೆ ತೂತು.

ಆ ತುಂಡನ್ನು ಎತ್ತಿ ತೂತಿಗೆ ಉಗುರು ಹಾಕಿ ನೋಡಿದೆ. ಫೀ ಹೋದದ್ದಕ್ಕಿಂತ ಬೇರೆಯದೇ ಸಂಕಟ ಅದು. ಮೂರು ತಲೆಮಾರು ಕಬ್ಬಿಣಕ್ಕೆ ಒಳ್ಳೆಯದಾಗಲೆಂದು ಹಚ್ಚಿದ್ದು, ಇಲ್ಲಿ ಕಬ್ಬಿಣದ ಹೊಟ್ಟೆಯಲ್ಲಿ ತೂತು ಮಾಡಿತ್ತು.

ಮರುಪರೀಕ್ಷೆಗೆ ಮತ್ತೆ ಹಣ ಕಟ್ಟಬೇಕು. ಕಿಸೆ ಬರಿದು, ಮಳೆ ಮುಗಿಯಲು ಎರಡು ತಿಂಗಳೂ ಇಲ್ಲ. ಅದೇ ಹೊತ್ತಿಗೆ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ಆ ವರ್ಷವೇ ಹೋದಂತೆ. ರೇಣುಕಾಳ ತವರು ಮುರಗೋಡ. ಹಿಂದಿನ ವರ್ಷವೂ ಹೋಗಿರಲಿಲ್ಲ. ಅವಳ ಅಣ್ಣ ಫೋನಿನಲ್ಲಿ ಬರುತ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದ.

"ಹೋಗಿ ಬಾ. ಬಸ್ಸಿನ ರೊಕ್ಕ ಹೆಂಗರ ಹೊಂದಸ್ತೇನಿ" ಎಂದೆ.

"ನಾ ಜೋಕಾಲಿ ಆಡೂದು, ನೀವಿಲ್ಲಿ ತಲಿ ಮ್ಯಾಲೆ ಕೈ ಹೊತ್ಕೊಂಡು ಕುಂದ್ರೂದು. ಛಂದ ಐತಿ!" ಎಂದು ಹಿಟ್ಟಿನ ಡಬ್ಬಿ ಕುಕ್ಕಿದಳು. ಅದರ ಮುಚ್ಚಳ ತೆಗೆದು ಎಷ್ಟಿದೆ ನೋಡಿ, "ಇಲ್ಲೇ ಉಂಡಿ ಕಟ್ತೇನಿ. ಶೇಂಗಾ ಉಂಡಿ, ಎಳ್ಳುಂಡಿ. ಊರಿಗೆ ಹೋಗದವರು ನಾವಷ್ಟ ಅದೇವೇನು ಇಲ್ಲಿ?" ಎಂದಳು.

ದಸ್ತಗೀರಣ್ಣ ತನ್ನ ಸಂಗಡಿಗರಿಗೆಲ್ಲ ಹೇಳಿಬಂದ. "ಪಂಚಮಿ ನಿಮ್ಮದು, ಉಂಡಿ ಮಾತ್ರ ಎಲ್ಲಾರದೂ" ಎನ್ನುತ್ತ ಮೊದಲ ಪೊಟ್ಟಣ ತಾನೇ ಕೊಂಡ. ಫಿಲೋಮಿನಾ ಬಾಯಿ ಒರಳು ಕೊಟ್ಟರು. ಗುಡ್ಡದ ಮೇಲಿನ ನಮ್ಮವರೆಲ್ಲ ಕೊಂಡರು. ಕೆಲವರು ಖೋಲಿಯ ಬಾಗಿಲಲ್ಲೇ ಒಂದು ತಿಂದು ಕಣ್ಣು ಒದ್ದೆ ಮಾಡಿಕೊಂಡರು. ಹಬ್ಬ ಮುಗಿದ ಸಂಜೆ ಅವಳು ರೊಕ್ಕ ನನ್ನೆದುರಿಗಿಟ್ಟಳು. ಈ ಸಲ ತೆಗೆದುಕೊಂಡೆ. ಅಷ್ಟು ಭಾರದ ದುಡ್ಡನ್ನು ನಾನು ಯಾವತ್ತೂ ಎತ್ತಿಲ್ಲ.

ಎರಡನೆಯ ಪರೀಕ್ಷೆಯ ಬೆಳಗ್ಗೆ ಅಪ್ಪನ ಫೋನು. ಮೊದಲ ಸಲ ಯಾಕೆ ತಪ್ಪಿತೆಂದು ಅವನಿಗೆ ಹೇಳಿರಲಿಲ್ಲ.

"ತಮ್ಮಾ, ಭಂಡಾರ ಐತಿಲ್ಲೋ? ಗಡಬಡಿಸಬ್ಯಾಡ. ಹಚ್ಚಿ, ಕೈ ಮುಗದು ಶುರು ಮಾಡು."

"ಹೂಂ ಅಪ್ಪಾ" ಎಂದು ಇಟ್ಟುಬಿಟ್ಟೆ.

ಪೈಪನ್ನು ಒರೆಸಿದೆ. ಬಟ್ಟೆ ಬಿಳಿ. ಇನ್ನೊಮ್ಮೆ ಒರೆಸಿದೆ. ರಾಡ್ ಹಿಡಿದ ಕೈ ಮುಂದೆ ಹೋಗಲಿಲ್ಲ. ಬರಿಯ ಕಬ್ಬಿಣ, ಅದರ ಮೇಲೆ ಏನೂ ಇಲ್ಲ. ಹಣೆಗೆ ಏನೂ ಹಚ್ಚದೆ ಮದುಮಗಳನ್ನು ಹೊಸಿಲು ದಾಟಿಸಿದ ಹಾಗೆ ಅನ್ನಿಸಿತು. ಪರೀಕ್ಷೆ ನೋಡಲು ಬಂದಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡ. ಜೋಸೆಫ್ ಸರ್ ನನ್ನನ್ನು ನೋಡದೆ ನೆಲ ನೋಡುತ್ತ ನಿಂತಿದ್ದರು. ಮುಖದ ಮೇಲೆ ಕವಚ ಎಳೆದುಕೊಂಡೆ. ಒಳಗಿನ ಕತ್ತಲಲ್ಲಿ ಅವ್ವನನ್ನೋ ಎಲ್ಲಮ್ಮನನ್ನೋ ಯಾರನ್ನು ನೆನೆದೆನೋ ಗೊತ್ತಿಲ್ಲ. ಕಿಡಿ ಹತ್ತಿತು. ಆಮೇಲೆ ಇದ್ದದ್ದು ಕರಗಿದ ಕಬ್ಬಿಣದ ಒಂದು ಸಣ್ಣ ಕೆರೆ, ಅದರ ದಂಡೆ ಕಾಯುತ್ತ ಹೊರಳಿದೆ. ಮಗ್ಗುಲು, ಕೆಳಗೆ, ಮತ್ತೆ ಮಗ್ಗುಲು. ಕುತ್ತಿಗೆಯೊಳಗೆ ಕಿಡಿ ಇಳಿದು ಸುಟ್ಟದ್ದು ಮನೆಗೆ ಬಂದ ಮೇಲೆ ತಿಳಿಯಿತು.

ಫಿಲ್ಮ್ ಬರುವ ತನಕ ಯಾರ್ಡಿನಲ್ಲಿ ತುಕ್ಕು ಕೆರೆದೆ. ಫೋನು ಬಂದಾಗಲೆಲ್ಲ ಕೆರೆಯುವುದು ಬಿಟ್ಟು ಕಿಸೆಗೆ ಕೈ ಹಾಕುತ್ತಿದ್ದೆ. ಕೊನೆಗೆ ಸರ್ ಕರೆದು ಫಿಲ್ಮನ್ನು ನನ್ನ ಕೈಗೇ ಕೊಟ್ಟರು. ಕಿಟಕಿಗೆ ಹಿಡಿದೆ. ಬಿಳಿಯ ಗೆರೆ, ಅಂಚಿನಿಂದ ಅಂಚಿಗೆ. ಒಂದು ಚುಕ್ಕೆಯಿಲ್ಲ. ಸರ್ ತಲೆಯಾಡಿಸಿದರು.

ಮೇಲ್ವಿಚಾರಕ ನನಗೆ ತೊಗಲಿನ ಅಂಗಿ ಕೊಡಿಸಿದ. ದೊಡ್ಡ ಹಡಗು ಬಂತು, ನಾನು ಅದರ ಹೊಟ್ಟೆಯೊಳಗೆ ಇಳಿದೆ. ರೇಣುಕಾ, ಫಿಲೋಮಿನಾ ಬಾಯಿಯ ಜೊತೆ ಸಮುದ್ರ ನೋಡಿ ಬಂದಳು. ನನ್ನನ್ನೂ ಎಳೆದೊಯ್ದಳು. ನೀರು ಉಪ್ಪೆಂದು ಗೊತ್ತಿದ್ದೂ ಬಾಯಿಗೆ ಹಾಕಿಕೊಂಡು ಉಗುಳಿದೆ.

ಪಾಸಾದ ದಿನವೇ ಅಪ್ಪನಿಗೆ ಫೋನು ಮಾಡಿದ್ದೆ. ಅವನು ಕೇಳಿದ ಮೊದಲ ಮಾತು, "ಭಂಡಾರ ಹಚ್ಚಿದ್ದೆಲ್ಲೋ?"

ಹೂಂ ಎನ್ನಬಹುದಿತ್ತು, ಎನ್ನಲಾಗಲಿಲ್ಲ. "ಇಲ್ಲಪ್ಪಾ. ಇಲ್ಲಿ ಕಬ್ಬಿಣಕ್ಕ ಅದು ನಡಿಯೂದಿಲ್ಲ. ಒಳಗ ತೂತು ಬೀಳ್ತಾವು" ಎಂದೆ.

ಆ ಕಡೆ ತಿದಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಹಂಗಾರ ಅದು ನಮ್ಮ ಕಬ್ಬಿಣ ಅಲ್ಲ ಬಿಡು" ಎಂದ ಅಪ್ಪ. ಸಿಟ್ಟಿರಲಿಲ್ಲ. ಬೇರೆ ಯಾರದೋ ದನ ನಮ್ಮ ಕೊಟ್ಟಿಗೆಗೆ ಬಂದಾಗ ಹೇಳುವ ಹಾಗೆ ಹೇಳಿದ. ಆಮೇಲೆ, "ಊಟ ಆತೇನು?" ಎಂದ.

ಮೊನ್ನೆ ದೀಪಾವಳಿಗೆ ತೊರಗಲ್ಲಿಗೆ ಹೋಗಿದ್ದೆವು. ಹಬ್ಬದ ಮೊದಲ ಕೆಲಸವೆಂದು ಯಾರದೋ ಹೊಸ ಕೊಡಲಿ ಬಡಿಯುವುದಿತ್ತು. ಅಪ್ಪ ಸುತ್ತಿಗೆ ನನ್ನ ಕೈಗೆ ಕೊಟ್ಟ. ನಾನು ಹೆಗಲ ಮೇಲಿನ ಟವೆಲ್ಲಿನಿಂದ ಆ ಕಬ್ಬಿಣವನ್ನು ಒರೆಸತೊಡಗಿದೆ. ಒಮ್ಮೆ ಒರೆಸಿ, ಟವೆಲ್ ತಿರುಗಿಸಿ ನೋಡಿ, ಮತ್ತೆ ಒರೆಸಿದೆ. ತಲೆಯೆತ್ತಿದರೆ ಅಪ್ಪ ಸುಮ್ಮನೆ ನೋಡುತ್ತ ಕುಳಿತಿದ್ದ, ಅವನ ಕೈಯಲ್ಲಿ ಭಂಡಾರದ ಬಟ್ಟಲಿತ್ತು. ಹೆಬ್ಬೆರಳು ಅದ್ದಿ ಹಚ್ಚಿದೆ. ಹಚ್ಚುವಾಗ, ಅಯ್ಯೋ ಎಣ್ಣೆ, ಎಂದು ಕೈ ತಡೆಯಿತು.

ಈಗ ಇಲ್ಲಿ ಹಡಗಿನೊಳಗೆ ಪೈಪಿನ ಮುಂದೆ ಕುಳಿತಾಗಲೂ ಕೈ ತಡೆಯುತ್ತದೆ, ಏನೋ ಹಚ್ಚುವುದು ಉಳಿಯಿತೆಂದು. ಜೊತೆಯವರು ಕಿಡಿ ಹತ್ತಿಸಿ ಮುಂದೆ ಹೋಗಿರುತ್ತಾರೆ. ನಾನು ಒಂದು ಗಳಿಗೆ ತಡವಾಗಿ ಶುರು ಮಾಡುತ್ತೇನೆ, ಇಲ್ಲಿಯೂ, ಅಲ್ಲಿಯೂ.